ಬ್ರಿಟನ್ನಿಗೆ ಬಂದ ಬೆಳ್ಳಕ್ಕಿಗಳು

ಇಂಗ್ಲೆಂಡಿನ ದಕ್ಷಿಣ ಕರಾವಳಿಯಲ್ಲಿ, ಡಾರ್ಸೆಟ್ ಸೀಮೆಯ ಪೂಲ್ ಎಂಬ ವಿಶಾಲವಾದ ಸಹಜ ಬಂದರಿನ ಬಾಯಿಗೆ ಸಮೀಪವಾಗಿ, ಸುಮಾರು ಐನೂರು ಎಕರೆ ವಿಸ್ತಾರದ ಬ್ರೌನ್‌ಸೀ ಎಂಬ ದ್ವೀಪವೊಂದಿದೆ. ಬೇಡನ್ ಪೊವೆಲ್ 1907ರಲ್ಲಿ ಮೊದಲ ಬಾಲಚರ ಶಿಬಿರವನ್ನು ಹೂಡಿದ ನೆಲವೆಂದು ಅದಕ್ಕೊಂದು ಖ್ಯಾತಿ. ಇಂಗ್ಲೆಂಡಿನ ಬಹುಭಾಗದಲ್ಲಿ ಕಣ್ಮರೆಯಾಗಿರುವ ಕೆಂಪು ಅಳಿಲುಗಳು ಅಲ್ಲಿನ ಪೈನ್ ಮರಗಳಲ್ಲಿ ಇನ್ನೂ ಉಳಿದಿವೆಯೆಂದು ಇನ್ನೊಂದು ಖ್ಯಾತಿ. ಈ ದ್ವೀಪದ ಮರಗಳಲ್ಲಿ, ಬೂದುಬಣ್ಣದ ಬಕಗಳು ತಲೆತಲಾಂತರದಿಂದ ಸಂಸಾರ ಹೂಡುತ್ತ ಬಂದಿರುವ ಎಡೆಯಲ್ಲಿಯೇ, 1996ನೆಯ ಇಸವಿಯಲ್ಲಿ ಬೆಳ್ಳಕ್ಕಿಗಳು ಗೂಡು ಕಟ್ಟಿ ಮೊಟ್ಟೆಯಿಟ್ಟು ಮರಿಗಳನ್ನು ಸಾಕಿದವು. ಬ್ರಿಟನ್ನಿನ ಪಕ್ಷಿಚರಿತ್ರೆಯ ಲಿಖಿತ ದಾಖಲೆಯಲ್ಲಿ ನಿಸ್ಸಂದೇಹವಾಗಿ ನಮೂದಾಗಿರುವ ಆ ಹಕ್ಕಿಯ ಮೊದಲ ಸಂತಾನ ಅದು. ಮರುವರ್ಷವೇ ಐರ್ಲೆಂಡಿನ ದಕ್ಷಿಣದ ಕಾರ್ಕ್ ಸೀಮೆಯಲ್ಲಿಯೂ ಅವು ಗೂಡು ಕಟ್ಟಿದ ವರ್ತಮಾನ ಬಂದಿತು.

ಕನ್ನಡ ನಾಡಿನ ಓದುಗನಿಗೆ ಇದರಲ್ಲಿ ಅಚ್ಚರಿಪಡತಕ್ಕುದೇನು ಎಂದು ತೋರಬಹುದು. ಉಳುವ ನೇಗಿಲ ಹಿಂದೆ, ನಾಟಿಯಾದ ಗದ್ದೆಯ ತೆವರಿಯ ಮೇಲೆ, ಕೆರೆಯ ಕೋಡಿಯ ಬಳಿಯಲ್ಲಿ ನಾವು ದಿನನಿತ್ಯವೂ ಕಾಣುವ ಬಿಳಿಯ ಹಕ್ಕಿಗಳ ಕುಲಕ್ಕೆ ಸೇರಿದ್ದೇ ಇದು; ರಂಗನತಿಟ್ಟಿನಲ್ಲಿ ಕಾವೇರಿಯ ನಡುಗಡ್ಡೆಗಳ ಮರಗಳನ್ನು ಮಳೆಗಾಲದಲ್ಲಿ ಬಿಳುಪಾಗಿಸುವ ಹಕ್ಕಿಗಳ ಗುಂಪಿನಲ್ಲಿ ಈ ಜಾತಿಯೂ ಉಂಟು. ಕಪ್ಪು ಕೊಕ್ಕು, ಕಪ್ಪು ಕಾಲು, ಆ ಕಾಲಿನ ತುದಿಯಲ್ಲಿ ಮಾತ್ರ ಅರಿಸಿನದಲ್ಲಿ ಅದ್ದಿ ತೆಗೆದಂತೆ ಹಳದಿಯಾದ ಪಾದ: ಇಷ್ಟನ್ನು ನೋಡಿಕೊಂಡರೆ ಇದನ್ನು ಬೇರೆ ಬೆಳ್ಳಕ್ಕಿಗಳಿಂದ ಬೇರ್ಪಡಿಸಿ ಗುರುತಿಸುವುದು ಕಷ್ಟವಲ್ಲ. ತೆಳುನೀರಿನಲ್ಲಿ ನಿಂತು ಒಂದು ಪಾದವನ್ನು ಕೆಸರಿನಲ್ಲಿ ಅಲುಗಿಸಿ, ಬೆದರಿ ಹೊರಬಂದ ಮೀನನ್ನೋ ಸಿಗಡಿಯನ್ನೋ ತಟಕ್ಕನೆ ಹಿಡಿಯುವುದು ಅದರ ರೀತಿ. ನಮಗೆ ಇಷ್ಟು ಪರಿಚಿತವಾದುದೊಂದು ಪಕ್ಷಿ ಇನ್ನೊಂದು ದೇಶದಲ್ಲಿ ಹೇಗೆ ಅಪೂರ್ವವಾಗಿದ್ದಿತು, ಆ ಅಪೂರ್ವತೆ ಮೂವತ್ತು ವರ್ಷಗಳೊಳಗೆ ಹೇಗೆ ಅಳಿಯಿತು, ಅದಕ್ಕಿಂತ ಮಿಗಿಲಾಗಿ, ಅದು ಹಾಗೆ ಅಳಿದುದನ್ನು ವರ್ಷವರ್ಷದ ಲೆಕ್ಕದೊಡನೆ ನಾವಿಂದು ತಿಳಿಯಬಲ್ಲವರಾಗಿರುವುದು ಯಾರ ಶ್ರಮದಿಂದ ಎಂಬುದು ಈ ಲೇಖನದ ವಿಷಯ.

ಬೆಳ್ಳಕ್ಕಿ ಬ್ರಿಟನ್ನಿಗೆ ಹೊಸದಾಗಿ ಬಂದಿತೋ ಅಥವಾ ಮರಳಿ ಬಂದಿತೋ ಎಂಬುದು ವಿದ್ವಾಂಸರಲ್ಲಿ ಚರ್ಚೆಯ ವಿಷಯ. ಜಾರ್ಜ್ ನೆವಿಲ್ ಎಂಬಾತನು 1465ರಲ್ಲಿ ಯಾರ್ಕಿನ ಆರ್ಚ್‌ಬಿಷಪ್ ಪೀಠವನ್ನೇರಿದಾಗ ನಡೆದ ಮಹಾಭೋಜನದ ಪಟ್ಟಿಯೊಂದು ಉಳಿದು ಬಂದಿದೆ. ಇನ್ನೂರಕ್ಕೆ ಮಿಕ್ಕಿದ ಕ್ರೌಂಚಗಳೊಡನೆ, ನಾನೂರು ಬಕಗಳೊಡನೆ, ಒಂದು ಸಾವಿರ ಬೆಳ್ಳಕ್ಕಿಗಳು ಅಡುಗೆಮನೆಗೆ ಹೋದವೆಂದು ಅದು ಹೇಳುತ್ತದೆ. ಪಟ್ಟಿಯಲ್ಲಿ ಹೆಸರಿಸಿರುವುದು ಬೆಳ್ಳಕ್ಕಿಯನ್ನಲ್ಲ, ಟಿಟ್ಟಿಭದ ಜಾತಿಯ ಹಕ್ಕಿಯನ್ನು ಎಂದು ಸಂಶಯಿಸುವವರೂ ಇದ್ದಾರೆ. ಬೆಳ್ಳಕ್ಕಿಯೇ ಆಗಿದ್ದಲ್ಲಿ, ಮುಂದಿನ ಶತಮಾನಗಳ ಕಡುಚಳಿ, ಜೌಗುನೆಲಗಳನ್ನು ಬಸಿದು ಹೊಲಗಳನ್ನಾಗಿಸಿದ ಮಹೋದ್ಯೋಗ, ಇಂಥ ಔತಣಗಳು, ಇವು ಮೂರೂ ಕೂಡಿ ಅದನ್ನು ಆ ದ್ವೀಪಗಳಿಂದ ಅಳಿಸಿಹಾಕಿರಬೇಕು. ವಿವಾದವನ್ನು ಇಲ್ಲಿಗೆ ಬಿಡೋಣ. ನಿಶ್ಚಿತವಾದ ಸಂಗತಿಯೆಂದರೆ, ಇಪ್ಪತ್ತನೆಯ ಶತಮಾನದ ನಡುಗಾಲದವರೆಗೂ ಬೆಳ್ಳಕ್ಕಿಯೊಂದು ಇಂಗ್ಲೆಂಡಿನ ತೀರದಲ್ಲಿ ಇಳಿಯಿತೆಂದರೆ ಅದು ಪತ್ರಿಕೆಗೆ ಬರೆದು ತಿಳಿಸಬೇಕಾದ ವಾರ್ತೆಯಾಗಿದ್ದಿತು.

ಹೀಗೆ ಜೀವಂತ ಬೆಳ್ಳಕ್ಕಿ ದುರ್ಲಭವಾಗಿದ್ದ ದೇಶದಲ್ಲಿ ಸತ್ತ ಬೆಳ್ಳಕ್ಕಿಗೆ ಮಾತ್ರ ಕೊರತೆಯಿರಲಿಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ಯೂರೋಪು ಮತ್ತು ಅಮೆರಿಕದ ಸ್ತ್ರೀಯರ ಟೋಪಿಗಳಿಗೆ ಪಕ್ಷಿಗಳ ಗರಿಗಳನ್ನು, ಕೆಲವೊಮ್ಮೆ ಇಡಿಯ ಪಕ್ಷಿಗಳನ್ನೇ, ಸಿಕ್ಕಿಸಿಕೊಳ್ಳುವುದು ಪರಮ ಸೊಗಸೆಂದು ಎಣಿಕೆಯಾಗಿದ್ದಿತು. ಅವುಗಳಲ್ಲೆಲ್ಲ ಅತ್ಯುತ್ತಮವೆನಿಸಿದುದು ಬೆಳ್ಳಕ್ಕಿಯ ತುರಾಯಿ. ಮರಿಮಾಡುವ ಋತುವಿನಲ್ಲಿ ಮಾತ್ರ ಆ ಹಕ್ಕಿಯ ಬೆನ್ನಿನ ಮೇಲೆ ಎಳೆಎಳೆಯಾಗಿ, ಗಾಳಿ ಸೋಕಿದರೆ ನಡುಗುವಷ್ಟು ನವುರಾಗಿ ಮೂಡುವ ಗರಿಗಳವು. ಋತು ಕಳೆದರೆ ಉದುರಿಹೋಗತಕ್ಕವು. ಆದುದರಿಂದ ಬೇಟೆಗಾರರು ಗೂಡುನೆಲೆಗಳನ್ನೇ ಅರಸಿಕೊಂಡು ಹೋಗುತ್ತಿದ್ದರು. ಮರಿಗಳನ್ನು ಬಿಟ್ಟು ಹಾರಿಹೋಗಲಾರದ ತಾಯಿತಂದೆಗಳನ್ನು ಅಲ್ಲಿಯೇ ಹೊಡೆದುರುಳಿಸಿ, ಬೆನ್ನಿನ ಚರ್ಮವನ್ನು ಸುಲಿದುಕೊಂಡು, ಗೂಡಿನಲ್ಲಿ ಬಾಯ್ದೆರೆದ ಮರಿಗಳನ್ನು ಹಸಿವಿಗೆ ಒಪ್ಪಿಸಿ ಹಿಂದಿರುಗುತ್ತಿದ್ದರು. ಒಂದು ಔನ್ಸ್ ತುರಾಯಿಗೆ ನಾಲ್ಕು ಹಕ್ಕಿಗಳು ಬೇಕೆಂದು ಆ ಕಾಲದವರ ಲೆಕ್ಕ. ಜಗತ್ತಿನ ಗರಿವ್ಯಾಪಾರದ ಕೇಂದ್ರವಾಗಿದ್ದ ಲಂಡನ್ನಿನ ಹರಾಜುಕಟ್ಟೆಗಳಲ್ಲಿ 1902ನೆಯ ಒಂದೇ ವರ್ಷದಲ್ಲಿ ಮೂವತ್ತು ಮೂವತ್ತು ಔನ್ಸಿನ 1,608 ಕಟ್ಟುಗಳು ಮಾರಾಟವಾದವು. ಅಂದರೆ ಸುಮಾರು 1,93,000 ಹಕ್ಕಿಗಳು. ಗೂಡಿನಲ್ಲಿ ಸತ್ತ ಮರಿಗಳು ಈ ಲೆಕ್ಕದಲ್ಲಿ ಸೇರಿಲ್ಲ. ತೂಕಕ್ಕೆ ತೂಕವಿಟ್ಟರೆ ಆ ಗರಿಗಳ ಬೆಲೆ ಚಿನ್ನದ ಬೆಲೆಯನ್ನು ಮೀರಿದ್ದಿತು.

ಈ ವ್ಯಾಪಾರದ ಕೈ ನಮ್ಮ ದೇಶದವರೆಗೂ ಚಾಚಿದ್ದಿತೆಂಬುದನ್ನು ಇಲ್ಲಿ ನೆನೆಯಬೇಕು. ಭಾರತದಿಂದ ಪಕ್ಷಿಗಳ ಚರ್ಮವನ್ನೂ ಗರಿಗಳನ್ನೂ ಹೊರದೇಶಕ್ಕೆ ಸಾಗಿಸುವುದನ್ನು ಇಲ್ಲಿನ ಸರಕಾರ 1902ರಲ್ಲಿ ನಿಷೇಧಿಸಿತು. ನಿಷೇಧ ಬೇಕಾಗುವಷ್ಟು ಮಟ್ಟಿಗೆ ಸಾಗಣೆ ನಡೆದಿದ್ದಿತೆಂದೇ ಅದರ ಅರ್ಥ. ಸಿಂಧ್ ಪ್ರಾಂತದಲ್ಲಿಯಂತೂ ಬೆಳ್ಳಕ್ಕಿಗಳನ್ನು ಕೂಡಿಹಾಕಿ ಸಾಕಿ, ಕೊಲ್ಲದೆಯೇ ತುರಾಯಿಯನ್ನು ಕಿತ್ತು ಮಾರುವವರಿದ್ದರು.

ಈ ಹಿಂಸೆಗೆ ಪ್ರತಿಭಟನೆಯೂ ಹುಟ್ಟಿದುದು ಅದೇ ಇಂಗ್ಲೆಂಡಿನಲ್ಲಿ; ಅದನ್ನು ಹುಟ್ಟಿಸಿದವರು ಸ್ತ್ರೀಯರು. ಮ್ಯಾಂಚೆಸ್ಟರ್ ನಗರದ ಡಿಡ್ಸ್‌ಬರಿಯಲ್ಲಿ ಎಮಿಲಿ ವಿಲಿಯಮ್‌ಸನ್ ಎಂಬಾಕೆ 1889ರಲ್ಲಿ ತಮ್ಮ ಮನೆಯಲ್ಲಿಯೇ ಒಂದು ಸಂಘವನ್ನು ಸ್ಥಾಪಿಸಿದರು. ಆಹಾರಕ್ಕಾಗಿ ಕೊಂದ ಹಕ್ಕಿಯ ಹೊರತು ಬೇರೆ ಯಾವ ಹಕ್ಕಿಯ ಗರಿಯನ್ನೂ ಧರಿಸುವುದಿಲ್ಲ, ಉಷ್ಟ್ರಪಕ್ಷಿಯೊಂದು ಮಾತ್ರ ಇದಕ್ಕೆ ಅಪವಾದ ಎಂಬುದು ಸದಸ್ಯೆಯರು ತೊಡಬೇಕಾದ ಪ್ರತಿಜ್ಞೆ. ಇದೇ ಹೊತ್ತಿಗೆ ಲಂಡನ್ನಿನ ದಕ್ಷಿಣದ ಕ್ರಾಯ್ಡನ್ನಿನಲ್ಲಿ ಎಲೈಜಾ ಫಿಲಿಪ್ಸ್, ಎಟ್ಟಾ ಲೆಮನ್ ಮೊದಲಾದವರು ಇದೇ ಕಾರ್ಯದಲ್ಲಿ ತೊಡಗಿದ್ದರು. ಎರಡು ಗುಂಪುಗಳೂ ಕೂಡಿ ಒಂದಾದವು. 1904ರಲ್ಲಿ ರಾಜಸನ್ನದು ಪಡೆದು, ಇಂದು ಹತ್ತು ಲಕ್ಷಕ್ಕೂ ಮಿಕ್ಕಿದ ಸದಸ್ಯರಿರುವ ರಾಯಲ್ ಸೊಸೈಟಿ ಫಾರ್ ದಿ ಪ್ರೊಟೆಕ್ಷನ್ ಆಫ್ ಬರ್ಡ್ಸ್ ಆದುದು ಆ ಸಂಘವೇ. ಅದರ ಹೋರಾಟದ ಒಂದು ಘಟ್ಟವನ್ನಂತೂ ಹೇಳದಿರಲಾಗದು. ಆಸ್ಟ್ರೇಲಿಯದ ಮ್ಯಾಟಿಂಗ್ಲಿ ಎಂಬ ಪಕ್ಷಿಪ್ರೇಮಿ, ಬೇಟೆಗಾರರು ಲೂಟಿ ಮಾಡಿ ಹೋದ ಬೆಳ್ಳಕ್ಕಿಗಳ ಗೂಡುನೆಲೆಯೊಂದಕ್ಕೆ 1906ರಲ್ಲಿ ಹೋಗಿ, ಅನ್ನವಿಲ್ಲದೆ ಗೂಡಿನಲ್ಲಿ ಸೊರಗುತ್ತಿದ್ದ ಮರಿಗಳ ಛಾಯಾಚಿತ್ರಗಳನ್ನು ತೆಗೆದಿದ್ದನು. ಆ ಚಿತ್ರಗಳನ್ನು ದೊಡ್ಡದಾಗಿಸಿ, ಹಲಗೆಗಳಿಗೆ ಅಂಟಿಸಿ, ಎದೆಗೊಂದು ಬೆನ್ನಿಗೊಂದು ಹಲಗೆ ಹೊತ್ತ ಆಳುಗಳ ಸಾಲನ್ನು 1911ರಲ್ಲಿ ಲಂಡನ್ನಿನ ಸಿರಿವಂತರ ಅಂಗಡಿಬೀದಿಗಳಲ್ಲಿ, ಆ ಟೋಪಿಗಳು ಮಾರಾಟವಾಗುತ್ತಿದ್ದ ಬಾಗಿಲುಗಳ ಮುಂದೆಯೇ, ಸಂಘದವರು ನಡೆಸಿದರು. ಗರಿಗಳ ಆಮದನ್ನು ನಿಷೇಧಿಸುವ ಕಾನೂನು ಪಾರ್ಲಿಮೆಂಟಿನಲ್ಲಿ ಅಂಗೀಕಾರವಾಗಲು 1921 ಬಂದಿತು. ಮೊದಲ ಪ್ರತಿಜ್ಞೆಯಿಂದ ಅಲ್ಲಿಗೆ ಮೂವತ್ತೆರಡು ವರ್ಷ. ತಾವು ಎಂದೂ ಕಣ್ಣಾರೆ ಕಂಡಿರದ, ತಮ್ಮ ದೇಶದಲ್ಲಿ ವಾಸಿಸದ ಪಕ್ಷಿಗಾಗಿ ಇಷ್ಟು ದೀರ್ಘಕಾಲ ದುಡಿದ ಈ ಸ್ತ್ರೀಯರಲ್ಲಿ ಬಹುಮಂದಿಯ ಹೆಸರು ಅವರ ದೇಶದಲ್ಲಿಯೇ ಮರೆತುಹೋಗಿದ್ದುದು ನನಗೆ ವ್ಯಥೆಯ ಸಂಗತಿಯಾಗಿ ತೋರುತ್ತದೆ.

ಪಕ್ಷಿಗಳನ್ನು ಕೊಲ್ಲದೆ ಕೇವಲ ನೋಡುವುದು ಒಂದು ವಿದ್ಯೆಯಾಗಿ ಬೆಳೆದುದೂ ಇದೇ ಕಾಲದಲ್ಲಿ. ಸೆಲ್‌ಬೋರ್ನ್ ಎಂಬ ಹಳ್ಳಿಯ ಪಾದ್ರಿ ಗಿಲ್ಬರ್ಟ್ ವೈಟ್ ತನ್ನ ಊರಿನ ಹಕ್ಕಿಪಕ್ಕಿಗಳನ್ನು ಕುರಿತು ಬರೆದ ಪತ್ರಗಳ ಗ್ರಂಥ 1789ರಷ್ಟು ಹಿಂದೆಯೇ ಪ್ರಕಟವಾಗಿದ್ದರೂ, ಹತ್ತೊಂಬತ್ತನೆಯ ಶತಮಾನದ ಪಕ್ಷಿಶಾಸ್ತ್ರಜ್ಞನ ಮುಖ್ಯ ಸಾಧನ ಕೋವಿಯೇ ಆಗಿದ್ದಿತು. ಅಪೂರ್ವ ಪಕ್ಷಿ ಕಂಡರೆ ಹೊಡೆಯುವುದು, ಚರ್ಮಕ್ಕೆ ಹುಲ್ಲು ತುಂಬಿ ಗಾಜಿನ ಪೆಟ್ಟಿಗೆಯಲ್ಲಿಡುವುದು, ಇದು ರೂಢಿ; ಕೈಯಲ್ಲಿ ಹಿಡಿದು ತೋರಿಸಲಾಗದ ಪಕ್ಷಿಯನ್ನು ನಂಬುವವರಿರಲಿಲ್ಲ. ಎಡ್ಮಂಡ್ ಸೆಲೂಸ್ ಎಂಬಾತನು 1901ರಲ್ಲಿ ಪಕ್ಷಿವೀಕ್ಷಣೆ ಎಂಬುದನ್ನೇ ಹೆಸರಾಗಿಟ್ಟು ಒಂದು ಪುಸ್ತಕವನ್ನು ಬರೆದು, ಕೋವಿಯನ್ನು ಕೆಳಗಿಟ್ಟು ದುರ್ಬೀನನ್ನು ಕೈಗೆತ್ತಿಕೊಳ್ಳುವಂತೆ ಕೇಳಿಕೊಂಡನು. ಕಾಲಕ್ರಮದಲ್ಲಿ ಆ ಮಾತು ಗೆದ್ದಿತು. ಆದರೆ ಬರಿಯ ನೋಟ ಜ್ಞಾನವಾಗಬೇಕಾದರೆ ನೋಡಿದುದನ್ನು ಬರೆದಿಡಬೇಕು, ಒಬ್ಬನು ಬರೆದುದನ್ನು ಇನ್ನೊಬ್ಬನು ಬರೆದುದರೊಡನೆ ಕೂಡಿಸಬೇಕು, ಹೀಗೆ ಕೂಡಿಸುವುದು ಒಂದು ವರ್ಷಕ್ಕೆ ನಿಲ್ಲದೆ ಮುಂದುವರಿಯಬೇಕು.

ಇದಕ್ಕೆ ಅಡಿಗಲ್ಲನ್ನಿಟ್ಟವರಲ್ಲಿ ಮ್ಯಾಕ್ಸ್ ನಿಕಲ್ಸನ್ ಒಬ್ಬರು. ಇಪ್ಪತ್ತರ ಹರೆಯದ ಆ ತರುಣ 1928ರಲ್ಲಿ, ಬಕಗಳ ಗೂಡುಗಳನ್ನು ದೇಶಾದ್ಯಂತ ಎಣಿಸಬೇಕೆಂದು ಹೊರಟು, ಊರೂರಿನ ಆಸಕ್ತರ ನೆರವನ್ನು ಕೋರಿದರು. ಬಕವನ್ನು ಆರಿಸಿಕೊಂಡುದು ವಿವೇಕದ ಕೆಲಸ: ದೊಡ್ಡ ಹಕ್ಕಿ, ಮರದ ತುದಿಯಲ್ಲಿ ದೊಡ್ಡ ಗೂಡು, ತಲೆಮಾರುಗಳಿಂದ ಒಂದೇ ಜಾಗ, ಎಲೆ ಚಿಗುರುವ ಮುನ್ನವೇ ಗೂಡು ಕಟ್ಟುವುದರಿಂದ ಯಾರು ಬೇಕಾದರೂ ಕೆಳಗೆ ನಿಂತು ಎಣಿಸಬಹುದು. ಆ ಗಣತಿ ಅಂದಿನಿಂದ ಇಂದಿನವರೆಗೂ ನಡೆದುಬಂದಿದೆ. ಒಂದೇ ಜಾತಿಯ ಹಕ್ಕಿಯನ್ನು ಕುರಿತು ಜಗತ್ತಿನಲ್ಲಿ ಇಷ್ಟು ದೀರ್ಘಕಾಲ ನಡೆದ ಗಣತಿ ಇನ್ನೊಂದಿಲ್ಲ. 1962–63ರ ಭೀಕರ ಚಳಿಗಾಲದಲ್ಲಿ ಕೆರೆಕಾಲುವೆಗಳೆಲ್ಲ ಹೆಪ್ಪುಗಟ್ಟಿ ಬಕಗಳ ಸಂಖ್ಯೆ ಸುಮಾರು ಅರ್ಧಕ್ಕೆ ಇಳಿದುದೂ, ಅನಂತರ ಮೆಲ್ಲಮೆಲ್ಲನೆ ಚೇತರಿಸಿಕೊಂಡುದೂ ನಮಗೆ ಗೊತ್ತಾಗಿರುವುದು ಈ ಎಣಿಕೆಯಿಂದ. ಬ್ರಿಟಿಷ್ ಟ್ರಸ್ಟ್ ಫಾರ್ ಆರ್ನಿಥಾಲಜಿ ಎಂಬ ಸಂಸ್ಥೆ 1930ರ ದಶಕದ ಆದಿಯಲ್ಲಿ ಹುಟ್ಟಿ ಇಂಥ ಕಾರ್ಯಗಳನ್ನೆಲ್ಲ ಒಂದು ಸೂರಿನ ಕೆಳಗೆ ತಂದಿತು. ಅದರ ಬೆನ್ನೆಲುಬು ಸಂಬಳದ ವಿಜ್ಞಾನಿಗಳಲ್ಲ. ಶಾಲೆಯ ಉಪಾಧ್ಯಾಯ, ರೈಲ್ವೆಯ ನೌಕರ, ಅಂಚೆಯ ಜವಾನ, ನಿವೃತ್ತಳಾದ ದಾದಿ, ಇಂಥವರು.

ಅಪೂರ್ವ ಪಕ್ಷಿಗಳ ಬೆನ್ನುಹತ್ತುವವರ ಲೋಕ ಇದರ ಪಕ್ಕದಲ್ಲಿಯೇ ಬೆಳೆಯಿತು. ನಾರ್ಫಕ್ ತೀರದ ಕ್ಲೇ ಎಂಬ ಹಳ್ಳಿಯಲ್ಲಿ ನ್ಯಾನ್ಸಿಯ ಕೆಫೆ ಎಂಬ ಚಿಕ್ಕದೊಂದು ತಿಂಡಿಮನೆಯಿದ್ದಿತು. ಎಪ್ಪತ್ತು ಎಂಬತ್ತರ ದಶಕಗಳಲ್ಲಿ ಎಲ್ಲಿ ಯಾವ ಅಪೂರ್ವ ಹಕ್ಕಿ ಇಳಿದಿದೆಯೆಂದು ತಿಳಿಯಬಯಸುವವರು ದೇಶದ ಯಾವ ಮೂಲೆಯಿಂದಲಾದರೂ ಅಲ್ಲಿಗೆ ದೂರವಾಣಿ ಮಾಡುತ್ತಿದ್ದರು; ಯಂತ್ರದ ಹತ್ತಿರ ಕುಳಿತು ತಿನ್ನುತ್ತಿದ್ದ ಗಿರಾಕಿಯೇ ಎದ್ದು ಉತ್ತರಿಸಿ, ಗೋಡೆಯ ಬಳಿಯ ಪುಸ್ತಕ ನೋಡಿ ವರ್ತಮಾನ ಹೇಳಬೇಕೆಂಬುದು ಅಲ್ಲಿನ ಪದ್ಧತಿ. ಇಂಥ ವರ್ತಮಾನಗಳಲ್ಲಿ ನಿಜವೆಷ್ಟು ಭ್ರಮೆಯೆಷ್ಟು ಎಂದು ಪರೀಕ್ಷಿಸುವುದಕ್ಕಾಗಿ 1959ರಲ್ಲಿ ಬಲ್ಲವರ ಸಮಿತಿಯೊಂದು ಏರ್ಪಟ್ಟಿದ್ದಿತು. ಬೆಳ್ಳಕ್ಕಿಯನ್ನು ಕಂಡೆನೆನ್ನುವವನು ಕೊಕ್ಕಿನ ಬಣ್ಣ, ಕಾಲಿನ ಬಣ್ಣ, ಹಾರಿದ ರೀತಿ ಎಲ್ಲವನ್ನೂ ಬರೆದು ಸಮಿತಿಗೆ ಕಳುಹಿಸಬೇಕಾಗಿದ್ದಿತು. ಹೀಗೆ ಒಂದೊಂದಾಗಿ ಒಪ್ಪಿತವಾಗಿ ಸೇರಿದ ಹಕ್ಕಿಗಳ ಪಟ್ಟಿಯೇ ಬೆಳ್ಳಕ್ಕಿಯ ಬರವಿನ ಪೂರ್ವಾರ್ಧದ ಚರಿತ್ರೆ.

ಆ ಪಟ್ಟಿ ಮೊದಲು ನಿಧಾನವಾಗಿ, ಆಮೇಲೆ ಒಮ್ಮೆಲೇ ಬೆಳೆಯಿತು. ಬೆಳ್ಳಕ್ಕಿಯ ಮರಿಗಳು ರೆಕ್ಕೆ ಬಲಿತ ಮೇಲೆ, ಬೇಸಿಗೆಯ ಕೊನೆಯಲ್ಲಿ, ಹುಟ್ಟಿದೆಡೆಯಿಂದ ದಿಕ್ಕುದಿಕ್ಕಿಗೆ ಚದರಿಹೋಗುವ ಸ್ವಭಾವದವು. ಫ್ರಾನ್ಸಿನಲ್ಲಿ ಅವುಗಳ ಗೂಡುನೆಲೆಗಳು ದಕ್ಷಿಣದ ಕಾಮಾರ್ಗ್ ಜೌಗಿನಿಂದ ಅಟ್ಲಾಂಟಿಕ್ ತೀರದ ಗುಂಟ ಆ ದೇಶದ ಬ್ರಿಟನಿ ಪ್ರಾಂತದವರೆಗೆ ಏರಿಬಂದಂತೆ, ಹೀಗೆ ಚದರಿದ ಮರಿಗಳಿಗೆ ಇಂಗ್ಲಿಷ್ ಕಾಲುವೆಯ ಆಚೆಯ ದಡ ಹತ್ತಿರವಾಯಿತು. 1989ರ ಆಗಸ್ಟ್ ಸೆಪ್ಟೆಂಬರ್ ತಿಂಗಳುಗಳಲ್ಲಿ ಅವು ಹಿಂದೆಂದೂ ಇಲ್ಲದಷ್ಟು ಸಂಖ್ಯೆಯಲ್ಲಿ ದಕ್ಷಿಣ ಇಂಗ್ಲೆಂಡಿನ ಅಳಿವೆಗಳಲ್ಲಿ ಕಾಣಿಸಿಕೊಂಡವು. ಬಂದವುಗಳೆಲ್ಲ ಹಿಂದಿರುಗಲಿಲ್ಲವೆಂಬುದು ಮುಖ್ಯ. ಚಳಿಗಾಲದಲ್ಲಿ ಕೂಡ ಹೆಪ್ಪುಗಟ್ಟದೆ, ದಿನಕ್ಕೆರಡು ಬಾರಿ ಇಳಿಯುವ ಸಮುದ್ರದಿಂದ ಬಯಲಾಗುವ ಕೆಸರುನೆಲಗಳು ಅವುಗಳಿಗೆ ಅನ್ನವಿತ್ತವು. ಎರಡು ವರ್ಷ ಕಳೆಯುವಷ್ಟರಲ್ಲಿ ಸಮಿತಿ ಬೆಳ್ಳಕ್ಕಿಯ ವಿವರಗಳನ್ನು ಪರೀಕ್ಷಿಸುವುದನ್ನು ಬಿಟ್ಟಿತು. ಅದು ಇನ್ನು ಅಪೂರ್ವವಲ್ಲ. ಏಳನೆಯ ವರ್ಷಕ್ಕೆ ಬ್ರೌನ್‌ಸೀ ದ್ವೀಪದ ಗೂಡು. ಇಂದು ಗೂಡುಕಟ್ಟುವ ಜೋಡಿಗಳು ಸಾವಿರವನ್ನು ಯಾವಾಗಲೋ ದಾಟಿವೆ. ವೇಲ್ಸಿನಲ್ಲಿಯೂ ಉತ್ತರ ಇಂಗ್ಲೆಂಡಿನಲ್ಲಿಯೂ ಅವು ನೆಲೆಸಿವೆ. ಪೇಟೆಯ ನಡುವಣ ತೊರೆಯಲ್ಲಿ ಬೆಳ್ಳಕ್ಕಿ ನಿಂತಿದ್ದರೆ ದಾರಿಹೋಕರು ತಿರುಗಿಯೂ ನೋಡದಷ್ಟು ಸಲಿಗೆ ಬಂದಿದೆ.

ಕಾರಣಗಳನ್ನು ಹುಡುಕುವಾಗ ಒಂದನ್ನೇ ಹಿಡಿದು ಉಳಿದುದನ್ನು ಮರೆಯುವುದು ಸುಲಭ. ಬೇಟೆ ನಿಂತುದು, ಯೂರೋಪಿನ ದೇಶಗಳು 1979ರಲ್ಲಿ ಒಡಂಬಟ್ಟು ಪಕ್ಷಿಗಳಿಗೆ ಸಮಾನವಾದ ರಕ್ಷಣೆಯನ್ನಿತ್ತುದು, ಚಳಿಗಾಲಗಳು ಬರಬರುತ್ತ ಸೌಮ್ಯವಾದುದು, ದಕ್ಷಿಣ ಯೂರೋಪಿನ ಬತ್ತದ ಗದ್ದೆಗಳು, ಎಪ್ಪತ್ತರ ದಶಕದಲ್ಲಿ ಅಮೆರಿಕದಿಂದ ಸ್ಪೇನಿಗೆ ತಂದುಬಿಟ್ಟು ಆಮೇಲೆ ಹತೋಟಿ ಮೀರಿ ಹಬ್ಬಿದ ಸಿಹಿನೀರಿನ ಕೆಂಪು ಸಿಗಡಿ, ಇವೆಲ್ಲವೂ ಕೂಡಿಯೇ ಕೆಲಸ ಮಾಡಿವೆ. ಇದರೊಡನೆ ಬ್ರಿಟನ್ನಿನ ಒಳಗೆ ನಡೆದ ಒಂದು ದೊಡ್ಡ ಕಾರ್ಯವೂ ಉಂಟು. ಸಾಮರ್‌ಸೆಟ್ ಸೀಮೆಯ ತಗ್ಗುಬಯಲಿನಲ್ಲಿ, ಗ್ಲಾಸ್ಟನ್‌ಬರಿಯ ಬಳಿ, ಪೀಟ್ ಎಂಬ ಕೊಳೆತ ಜೌಗುಮಣ್ಣನ್ನು ಉರುವಲಿಗೂ ತೋಟಗಾರಿಕೆಗೂ ಅಗೆದಗೆದು ತೆಗೆದ ಹೊಂಡಗಳು ಪಾಳುಬಿದ್ದಿದ್ದವು. 1990ರ ದಶಕದಿಂದ ಅವುಗಳಿಗೆ ನೀರು ತುಂಬಿಸಿ, ಜೊಂಡು ಬೆಳೆಸಿ, ಹ್ಯಾಮ್ ವಾಲ್, ಶಾಪ್‌ವಿಕ್ ಹೀತ್ ಮೊದಲಾದ ಪಕ್ಷಿಧಾಮಗಳನ್ನು ರೂಪಿಸಿದರು. ಆ ಶ್ರಮ ಬೆಳ್ಳಕ್ಕಿಗಾಗಿ ಅಲ್ಲ. ಜೊಂಡಿನಲ್ಲಿ ಅಡಗಿ ನಗಾರಿಯಂತೆ ಮೊಳಗುವ, 1997ರಲ್ಲಿ ದೇಶದಾದ್ಯಂತ ಕೇವಲ ಹನ್ನೊಂದು ಗಂಡುಗಳಿಗೆ ಇಳಿದಿದ್ದ ಬಿಟರ್ನ್ ಎಂಬ ಬಕಜಾತಿಯ ಹಕ್ಕಿಗಾಗಿ. ಬಿಟರ್ನ್ ಉಳಿಯಿತು, ಇನ್ನೂರನ್ನು ಮೀರಿ ಬೆಳೆಯಿತು. ಅದಕ್ಕಾಗಿ ಸಿದ್ಧವಾದ ಮನೆಗೆ ಕರೆಯದ ಅತಿಥಿಗಳೂ ಬಂದರು. ನಾವು ದನಗಳ ಬೆನ್ನಿನ ಮೇಲೆ ಕಾಣುವ ಗೋವಕ್ಕಿ 2008ರಲ್ಲಿ ಬ್ರಿಟನ್ನಿನ ತನ್ನ ಮೊದಲ ಗೂಡನ್ನು ಕಟ್ಟಿದುದು ಸಾಮರ್‌ಸೆಟ್ಟಿನಲ್ಲಿ. ದೊಡ್ಡ ಬೆಳ್ಳಕ್ಕಿ 2012ರಲ್ಲಿ ಕಟ್ಟಿದುದು ಶಾಪ್‌ವಿಕ್ ಹೀತಿನ ಜೊಂಡಿನಲ್ಲಿ. ಗೋವಕ್ಕಿಯ ಪಯಣವಂತೂ ಬೆರಗು ಹುಟ್ಟಿಸತಕ್ಕುದು. ಆಫ್ರಿಕದಿಂದ ಅಟ್ಲಾಂಟಿಕ್ ಸಾಗರವನ್ನು ತಾನಾಗಿಯೇ ದಾಟಿ ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ದಕ್ಷಿಣ ಅಮೆರಿಕವನ್ನು ಮುಟ್ಟಿ, 1950ರ ದಶಕದಲ್ಲಿ ಫ್ಲಾರಿಡಾದಲ್ಲಿ ಗೂಡು ಕಟ್ಟಿದ ಹಕ್ಕಿಗೆ ಇಂಗ್ಲಿಷ್ ಕಾಲುವೆ ಕಡೆಯದಾಗಿ ದಾಟಿದ ನೀರು.

ಈ ಆಗಮನಗಳನ್ನು ಹರ್ಷದಿಂದ ಮಾತ್ರ ಕಾಣಲು ನನ್ನ ಮನಸ್ಸು ಒಪ್ಪದು. ಬೆಳ್ಳಕ್ಕಿಯನ್ನು ಉತ್ತರಕ್ಕೆ ಕರೆತಂದ ಬಿಸಿಯೇ ಶೀತಲ ಸಮುದ್ರದ ಮೀನನ್ನು ನಂಬಿದ ಸ್ಕಾಟ್‌ಲೆಂಡಿನ ಕಡಲಹಕ್ಕಿಗಳ ಬಾಳನ್ನು ಕಷ್ಟಕ್ಕೀಡುಮಾಡುತ್ತಿದೆ. ಬೆಳ್ಳಕ್ಕಿ ಹೆಚ್ಚಿದ ಅದೇ ಅರ್ಧ ಶತಮಾನದಲ್ಲಿ, ಹೊಲಗದ್ದೆಗಳ ಬೇಲಿಸಾಲಿನಲ್ಲಿ ಬೇಸಿಗೆಯುದ್ದಕ್ಕೂ ಗುಟುರುತ್ತಿದ್ದ ಟರ್ಟಲ್ ಡವ್ ಎಂಬ ಕಾಡುಪಾರಿವಾಳ ನೂರಕ್ಕೆ ತೊಂಬತ್ತಕ್ಕೂ ಮೀರಿ ಇಳಿದುಹೋಯಿತು. ಬಂದುದನ್ನು ಕಾಣುವುದು ಸುಲಭ. ಬಿಳಿಯ ಹಕ್ಕಿಯಂತೂ ಮೈಲಿದೂರದಿಂದಲೇ ಕಣ್ಣನ್ನು ಸೆಳೆಯುತ್ತದೆ. ಹೋದುದು ಕಣ್ಣಿಗೆ ಬೀಳುವುದಿಲ್ಲ. ಅದನ್ನು ತಿಳಿಸಬಲ್ಲುದು ಹಿಂದಿನ ವರ್ಷದ ಲೆಕ್ಕವೊಂದೇ. ಆದುದರಿಂದಲೇ ಅಪೂರ್ವ ಪಕ್ಷಿಯ ಸುದ್ದಿ ಕೇಳಿ ರಾತ್ರಿಯೆಲ್ಲ ಪಯಣಿಸುವವನ ಉತ್ಸಾಹವನ್ನು ನಾನು ಮೆಚ್ಚಿದರೂ, ಎಲ್ಲರಿಗೂ ಗೊತ್ತಿರುವ ಬಕದ ಗೂಡುಗಳನ್ನು ತನ್ನ ಊರಿನ ತೋಪಿನಲ್ಲಿ ಪ್ರತಿವರ್ಷವೂ ಎಣಿಸಿ ಕಳುಹಿಸುವವನನ್ನು ಅವನಿಗಿಂತ ಮೇಲಿನವನೆಂದು ಎಣಿಸುತ್ತೇನೆ. ಬೆಳ್ಳಕ್ಕಿ ಅಪೂರ್ವವಾಗಿದ್ದಾಗ ಅದನ್ನು ಹಿಂಬಾಲಿಸಿದವರು ಅದು ಸಾಮಾನ್ಯವಾದಂದು ಬೇರೆ ಹಕ್ಕಿಗಳನ್ನು ಅರಸಿ ಹೊರಟರು. ಆಮೇಲಿನ ಚರಿತ್ರೆಯನ್ನು ಬರೆದವರು ಬಕದ ಎಣಿಕೆದಾರರೇ. ಏಕೆಂದರೆ ಬೆಳ್ಳಕ್ಕಿಗಳು ಗೂಡು ಕಟ್ಟಲು ಆರಿಸಿಕೊಂಡುದು ಬಹುಮಟ್ಟಿಗೆ ಬಕಗಳ ನೆರೆಯನ್ನೇ. ಮ್ಯಾಕ್ಸ್ ನಿಕಲ್ಸನ್ನರ ಗಣತಿಯ ಕಾಗದದಲ್ಲಿ ಈಗ ಬೆಳ್ಳಕ್ಕಿಗೂ ಒಂದು ಅಂಕಣವಿದೆ.

ಆ ಅಂಕಣವನ್ನು ತುಂಬುವುದು ಮಾತ್ರ ಬಕದ ಅಂಕಣವನ್ನು ತುಂಬಿದಷ್ಟು ಸುಲಭವಲ್ಲ. ಬಕ ಫೆಬ್ರವರಿ ಮಾರ್ಚಿಯಲ್ಲಿಯೇ ಬೋಳುಮರದ ನೆತ್ತಿಯಲ್ಲಿ ಕೂರುತ್ತದೆ; ಬೆಳ್ಳಕ್ಕಿಯದು ತಡವಾದ ಸಂಸಾರ, ಮರಗಳು ಎಲೆ ಹೊದ್ದ ಮೇಲೆ ಅದು ಪೊದರಿನ ಒಳಗೆ, ಕೆಳಗಿನ ಕವಲುಗಳಲ್ಲಿ, ಚಿಕ್ಕ ಗೂಡನ್ನು ಕಟ್ಟುತ್ತದೆ. ಏಪ್ರಿಲಿನಲ್ಲಿ ಒಮ್ಮೆ ಹೋಗಿ ಬಕಗಳನ್ನು ಎಣಿಸಿಕೊಂಡು ಬಂದವರು ಬೆಳ್ಳಕ್ಕಿಗಾಗಿ ಮೇ ತಿಂಗಳಲ್ಲಿ ಇನ್ನೊಮ್ಮೆ ಹೋಗಬೇಕು. ಗೂಡಿನ ಬುಡಕ್ಕೆ ನಡೆದರೆ ಹಕ್ಕಿಗಳು ಬೆದರಿ ಮೊಟ್ಟೆಮರಿಗಳು ಕಾಗೆಗಳ ಪಾಲಾಗುವುದರಿಂದ, ದೂರದಲ್ಲಿ ನಿಂತು, ಎಲೆಗಳ ಸಂದಿನಲ್ಲಿ ಒಳಹೋಗುವ ಹೊರಬರುವ ಹಕ್ಕಿಗಳನ್ನು ಗಂಟೆಗಟ್ಟಲೆ ಗಮನಿಸಿ ಗೂಡುಗಳನ್ನು ಊಹಿಸಬೇಕು. ಇಷ್ಟು ಮಾಡಿದರೂ ಕೆಲವು ತಪ್ಪಿಹೋಗುವುದುಂಟು. ಆದುದರಿಂದ ಗಣತಿಯವರು ಬೆಳ್ಳಕ್ಕಿಯ ಸಂಖ್ಯೆಯನ್ನು ಪ್ರಕಟಿಸುವಾಗ, ಇದು ಕನಿಷ್ಠ ಪಕ್ಷದ ಲೆಕ್ಕ, ನಿಜವಾದ ಸಂಖ್ಯೆ ಇದಕ್ಕಿಂತ ಹೆಚ್ಚಿರಬೇಕು ಎಂದು ತಿಳಿದೇ ಪ್ರಕಟಿಸುತ್ತಾರೆ.